ಕುಂಬಳದ ಬೀಜವು ತಿಪ್ಪೆಯ ಪಾಲಾಗಬಾರದು

ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿ ಪ್ರಾಂತದಲ್ಲಿ ಸಿಹಿಗುಂಬಳದ ಬಳ್ಳಿಯು ಹಿತ್ತಲಲ್ಲಿಯೂ ಹೊಲದ ಬದುವಿನಲ್ಲಿಯೂ ಅಲ್ಪ ಆರೈಕೆಯಿಂದಲೇ ಹಬ್ಬಿ ಫಲ ಕೊಡುವುದು. ಕಾಯಿಯ ತಿರುಳು ಪಲ್ಯಕ್ಕೂ ಕಡುಬಿಗೂ ಸಲ್ಲುವುದು. ಬೀಜವಾದರೋ ಬಹುಮಟ್ಟಿಗೆ ತಿಪ್ಪೆಯನ್ನು ಸೇರುವುದು. ಇದು ಅಲ್ಪ ನಷ್ಟವಲ್ಲ. ಸುಲಿದ ಬೀಜದ 100 ಗ್ರಾಮಿನಲ್ಲಿ ಸುಮಾರು 30 ಗ್ರಾಂ ಸಸಾರಜನಕವುಂಟು. ಶೇಂಗಾದಲ್ಲಿ ಇದು ಸುಮಾರು 25 ಗ್ರಾಂ ಮಾತ್ರ. ಕಬ್ಬಿಣ, ಸತು, ಮೆಗ್ನೀಶಿಯಂಗಳೂ ಅದರಲ್ಲಿ ಸಮೃದ್ಧವಾಗಿವೆ. ಪೇಟೆಯಲ್ಲಿ ಹಣ ತೆತ್ತು ಕೊಳ್ಳುವ ಪದಾರ್ಥವನ್ನೇ ಮನೆಯಲ್ಲಿ ಚೆಲ್ಲುವುದು ವಿವೇಕವೆನಿಸದು.

ಬಳ್ಳಿಯಲ್ಲಿಯೇ ಬಲಿತು, ತೊಟ್ಟು ಒಣಗಿ, ಉಗುರು ನಾಟದಷ್ಟು ಸಿಪ್ಪೆ ಗಟ್ಟಿಯಾದ ಕಾಯಿಯ ಬೀಜವೇ ಉತ್ತಮವು. ನಾರನ್ನು ಬಿಡಿಸಿ, ಬೀಜವನ್ನು ಉಜ್ಜಿ ತೊಳೆದು, ಜೊಳ್ಳನ್ನು ಆರಿಸಿ ತೆಗೆಯತಕ್ಕದ್ದು. ಒಳ್ಳೆಯ ಕಾಯಿಯ ದಪ್ಪ ಬೀಜಗಳನ್ನು ಮೊದಲೇ ಬಿತ್ತನೆಗೆಂದು ಬೇರ್ಪಡಿಸಿ, ನೆರಳಿನಲ್ಲಿ ಒಣಗಿಸಿ, ತೇವ ತಾಗದಂತೆ ಇಡಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನದಂಥ ತಳಿಯನ್ನು ಬೆಳೆದವರು ಬೇರೆ ತಳಿಯ ಕುಂಬಳವನ್ನು ಸಮೀಪದಲ್ಲಿ ಹಾಕಬಾರದು; ಜೇನುನೊಣಗಳಿಂದ ಪರಾಗವು ಬೆರೆತು ತಳಿಯ ಗುಣವು ಕೆಡುವುದು.

ಉಳಿದ ಬೀಜವು ಹುರಿಯುವುದಕ್ಕೆ ಸಲ್ಲುವುದು. ಅದನ್ನು ಉಪ್ಪುನೀರಿನಲ್ಲಿ ಹತ್ತು ನಿಮಿಷ ಕುದಿಸಿದರೆ ಉಪ್ಪು ಒಳಗಿಳಿಯುವುದು. ಬಳಿಕ ನೀರು ಬಸಿದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಹಸಿ ಬೀಜವು ಹೊರಗೆ ಸೀದು ಒಳಗೆ ಮೆತ್ತಗುಳಿಯುವುದು. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈ ಬಿಡದೆ ಆಡಿಸುತ್ತ ಹುರಿಯಬೇಕು. ಬೀಜವು ಚಟಪಟ ಸಿಡಿದು ಹೊಂಬಣ್ಣಕ್ಕೆ ತಿರುಗಿದ ಕೂಡಲೇ ಇಳಿಸಿ, ಸ್ವಲ್ಪ ಎಣ್ಣೆ ಸವರಿ, ಖಾರದ ಪುಡಿಯನ್ನೂ ಹುರಿದ ಜೀರಿಗೆಯ ಪುಡಿಯನ್ನೂ ಬೆರೆಸತಕ್ಕದ್ದು. ಒಲೆಯ ಮೇಲಿರುವಾಗಲೇ ಖಾರ ಹಾಕಿದರೆ ಅದು ಸೀದು ಕಹಿಯಾಗುವುದು. ಪೂರ್ಣವಾಗಿ ಆರಿದ ಮೇಲೆಯೇ ಮುಚ್ಚಳವುಳ್ಳ ಡಬ್ಬಿಯಲ್ಲಿ ತುಂಬಬೇಕು. ಎಣ್ಣೆಯಂಶವು ಅಧಿಕವಾದುದರಿಂದ ಬಹುದಿನವಿಟ್ಟರೆ ಕಮಟು ಹಿಡಿಯುವುದು. ಆಗಾಗ ಸ್ವಲ್ಪ ಸ್ವಲ್ಪವಾಗಿ ಹುರಿಯುವುದೇ ಲೇಸು.

ಇಲ್ಲಿ ಕೆಲವು ಎಚ್ಚರಿಕೆಗಳು ಅವಶ್ಯ. ಅಂಗಡಿಯಿಂದ ತಂದ, ಔಷಧ ಲೇಪಿಸಿದ ಬಿತ್ತನೆಬೀಜವನ್ನು ಎಷ್ಟು ತೊಳೆದರೂ ತಿನ್ನಲಾಗದು, ಅದು ವಿಷವು. ಬೂಷ್ಟು ಹಿಡಿದ ಬೀಜವನ್ನೂ ಕಹಿಯಾದ ಕಾಯಿಯನ್ನೂ ಬಿಸಾಡತಕ್ಕದ್ದು. ಎಳೆಯ ಮಕ್ಕಳಿಗೆ ಇಡಿಯ ಬೀಜವು ಗಂಟಲಿಗೆ ಸಿಕ್ಕುವ ಭಯವಿರುವುದರಿಂದ, ಸುಲಿದು ಪುಡಿಮಾಡಿ ರೊಟ್ಟಿಯೊಡನೆ ಕೊಡುವುದು ಕ್ಷೇಮ.

ಗ್ರಾಮದ ಮುಖಂಡರೂ ಜಮೀನುದಾರರೂ ಈ ಕ್ರಮವನ್ನು ಮೊದಲು ತಮ್ಮ ಮನೆಗಳಲ್ಲಿ ನಡೆಸಿ ತೋರಿಸಿದರೆ, ಅವರ ಹೊಲಗಳಲ್ಲಿ ದುಡಿಯುವ ಕುಟುಂಬಗಳ ಮಕ್ಕಳಿಗೂ ಖರ್ಚಿಲ್ಲದೆ ಪುಷ್ಟಿಕರವಾದ ಆಹಾರವು ದೊರೆಯುವುದು.