ನಗೆಯ ಮರೆಯಲ್ಲಿ ಉಳಿದ ಆಟಗಾರ್ತಿ: ವೆರಾ ಮೆಂಚಿಕ್

2024ರ ಸೆಪ್ಟೆಂಬರ್ ತಿಂಗಳಲ್ಲಿ ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ನಲ್ಲಿ ನಡೆದ ಚೆಸ್ ಒಲಿಂಪಿಯಾಡ್‌ನಲ್ಲಿ ಭಾರತದ ಮಹಿಳಾ ತಂಡವು ಮೊದಲ ಬಾರಿಗೆ ಚಿನ್ನದ ಪದಕವನ್ನು ಗಳಿಸಿತು. ಹಾರಿಕಾ, ವೈಶಾಲಿ, ದಿವ್ಯಾ, ವಂತಿಕಾ, ತಾನಿಯಾ ಎಂಬ ಐವರ ಹೆಸರುಗಳು ಪತ್ರಿಕೆಗಳಲ್ಲಿ ಬಂದವು. ಅವರ ಕೈಗೆ ಬಂದ ಪಾರಿತೋಷಕಕ್ಕೂ ಒಬ್ಬ ಹೆಣ್ಣುಮಗಳ ಹೆಸರಿದೆ. ಅದು ವೆರಾ ಮೆಂಚಿಕ್ ಕಪ್. ಮಹಿಳೆಯರ ಒಲಿಂಪಿಯಾಡ್ ಆರಂಭವಾದದ್ದು 1957ರಲ್ಲಿ. ಅಷ್ಟರಲ್ಲಿ ಮೆಂಚಿಕ್ ತೀರಿಕೊಂಡು ಹದಿಮೂರು ವರ್ಷಗಳಾಗಿದ್ದವು.

ಚದುರಂಗದ ಇತಿಹಾಸವನ್ನು ಅಷ್ಟಿಷ್ಟು ಬಲ್ಲವರು ಆಕೆಯ ಹೆಸರು ಬಂದೊಡನೆ ಒಂದು ವಿನೋದದ ಪ್ರಸಂಗವನ್ನು ಹೇಳುತ್ತಾರೆ. ಪ್ರಸಂಗವು ನಿಜವಾದದ್ದೇ. ಆದರೆ ಒಬ್ಬರ ಬಾಳಿನಲ್ಲಿ ಇತರರು ಆಡಿದ ಒಂದು ನಗೆಮಾತು ಆ ಬಾಳಿಗಿಂತ ದೊಡ್ಡದಾಗಿ ಬೆಳೆದುಬಿಟ್ಟರೆ, ವ್ಯಕ್ತಿಯು ಅದರ ಮರೆಗೆ ಸರಿಯುತ್ತಾನೆ. ಮೆಂಚಿಕ್‌ಗೆ ಆದದ್ದು ಇದೇ. ಆದುದರಿಂದ ಆ ಪ್ರಸಂಗಕ್ಕೆ ಬರುವ ಮುನ್ನ ಆಕೆ ಯಾರು ಎಂಬುದನ್ನು ತಿಳಿಯುವುದು ಒಳ್ಳೆಯದು.

ವೆರಾ ಹುಟ್ಟಿದ್ದು 1906ರ ಫೆಬ್ರವರಿ 16ರಂದು, ಮಾಸ್ಕೋ ನಗರದಲ್ಲಿ. ತಂದೆ ಚೆಕ್ ಜನಾಂಗದವರು, ತಾಯಿ ಇಂಗ್ಲೆಂಡಿನವರು. ವೆರಾ ಮತ್ತು ಆಕೆಯ ತಂಗಿ ಓಲ್ಗಾ ಬೆಳೆದದ್ದು ರಷ್ಯನ್ ಭಾಷೆಯಲ್ಲಿ. ಒಂಬತ್ತನೆಯ ವಯಸ್ಸಿನಲ್ಲಿ ತಂದೆ ಮಗಳಿಗೆ ಚದುರಂಗದ ಹಾಸನ್ನು ಕೊಡಿಸಿ ಆಟ ಕಲಿಸಿದರು. 1917ರ ಕ್ರಾಂತಿಯು ಸ್ಥಿತಿವಂತರಾಗಿದ್ದ ಈ ಕುಟುಂಬವನ್ನು ಬುಡಮೇಲು ಮಾಡಿತು. ತಂದೆಯ ಗಿರಣಿ ಕೈಬಿಟ್ಟುಹೋಯಿತು, ವಾಸದ ಮನೆಯನ್ನು ಇತರರೊಡನೆ ಹಂಚಿಕೊಳ್ಳಬೇಕಾಯಿತು. 1921ರಲ್ಲಿ ಕುಟುಂಬವು ರಷ್ಯವನ್ನು ತೊರೆಯಿತು. ತಂದೆತಾಯಿ ಬೇರೆಯಾದರು. ತಂದೆ ತಮ್ಮ ನಾಡಿನಲ್ಲಿ ಉಳಿದರು, ತಾಯಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿನ ದಕ್ಷಿಣ ತೀರದ ಹೇಸ್ಟಿಂಗ್ಸ್ ಪಟ್ಟಣದಲ್ಲಿದ್ದ ತಮ್ಮ ತಾಯಿಯ ಮನೆಗೆ ಬಂದರು.

ಹದಿನೈದರ ಹುಡುಗಿಗೆ ಅಲ್ಲಿ ಮಾತು ಸಲೀಸಾಗಿರಲಿಲ್ಲ. ತಾಯಿಯ ಭಾಷೆಯೇ ಆದರೂ ಇಂಗ್ಲಿಷ್ ಆಕೆಗೆ ಬದುಕಿನ ಭಾಷೆಯಾಗಿರಲಿಲ್ಲ. ಚದುರಂಗವು ಮೌನದ ಆಟ, ಭಾಷೆ ಬಾರದವರಿಗೆ ಅದಕ್ಕಿಂತ ತಕ್ಕ ಹವ್ಯಾಸವಿಲ್ಲ ಎಂಬ ಅರ್ಥದ ಮಾತನ್ನು ಮುಂದೆ ಆಕೆಯೇ ಹೇಳಿದ್ದುಂಟು. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು ನುಡಿ ಎಂದು ಬೆಳೆದ ಗಡಿಭಾಗದ ವಿದ್ಯಾರ್ಥಿಗಳಿಗೆ ಈ ಮಾತಿನ ಹಿಂದಿನ ಸಂಕೋಚವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೇಸ್ಟಿಂಗ್ಸ್ ಚದುರಂಗಕ್ಕೆ ಹೆಸರಾದ ಊರು. ಅಲ್ಲಿನ ಕ್ಲಬ್ಬಿಗೆ ವೆರಾ 1923ರಲ್ಲಿ ಸದಸ್ಯೆಯಾದಳು. ಆಗ ಆ ಊರಿನಲ್ಲಿದ್ದ ಹಂಗೇರಿಯ ಪ್ರಖ್ಯಾತ ಆಟಗಾರ ಗೇಜಾ ಮರೋತ್ಸಿ ಆಕೆಯ ಗುರುವಾದರು. ಆತುರವಿಲ್ಲದೆ ವ್ಯೂಹವನ್ನು ಕಟ್ಟುವುದು, ಎದುರಾಳಿಯ ಸಣ್ಣ ದೌರ್ಬಲ್ಯವನ್ನು ಹಿಡಿದು ಕೊನೆಯವರೆಗೆ ಎಳೆಯುವುದು, ಕಾಯಿಗಳು ಕಡಿಮೆಯಾದ ಅಂತ್ಯದಾಟದಲ್ಲಿ ತಪ್ಪದಿರುವುದು ಮರೋತ್ಸಿಯ ಮಾರ್ಗ. ಶಿಷ್ಯೆಯ ಆಟವೂ ಅದೇ ಹದದ್ದಾಯಿತು. ನೋಡುಗರು ಬೆರಗಾಗುವಂತೆ ಮಂತ್ರಿಯನ್ನೇ ಬಲಿಕೊಟ್ಟು ಗೆಲ್ಲುವ ಆಟಗಳು ಆಕೆಯಲ್ಲಿ ವಿರಳ. ಆಕೆಯ ಆಟಗಳು ಜನಪ್ರಿಯ ಸಂಕಲನಗಳಲ್ಲಿ ಕಡಿಮೆ ಕಾಣುವುದಕ್ಕೆ ಇದೂ ಒಂದು ಕಾರಣವಿರಬೇಕು.

ಮಂತ್ರಿ ಎಂಬ ಮಾತು ಬಂದುದರಿಂದ ಒಂದು ಉಪಕಥೆ. ಕನ್ನಡದಲ್ಲಿ ರಾಜನ ಪಕ್ಕದ ಕಾಯಿ ಮಂತ್ರಿ, ಮರಾಠಿಯ ‘ಬುದ್ಧಿಬಳ’ದಲ್ಲಿ ಅದು ವಜೀರ. ಪಾರಸಿ, ಅರಬ್ಬಿ ನಾಡುಗಳನ್ನು ದಾಟಿ ಯೂರೋಪಿಗೆ ಹೋದ ಮೇಲೆ ಆ ಕಾಯಿ ರಾಣಿಯಾಯಿತು. ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಅದಕ್ಕೆ ಹಾಸಿನ ಮೇಲೆ ಎಲ್ಲಕ್ಕಿಂತ ಹೆಚ್ಚಿನ ಬಲವೂ ಬಂತು. ಹಾಸಿನ ಮೇಲಿನ ರಾಣಿಗೆ ದೊರೆತ ಸ್ವಾತಂತ್ರ್ಯವು ಹಾಸಿನ ಮುಂದೆ ಕುಳಿತುಕೊಳ್ಳಬಯಸಿದ ಹೆಣ್ಣಿಗೆ ದೊರೆಯಲು ಮತ್ತೆ ನಾಲ್ಕು ಶತಮಾನಗಳು ಬೇಕಾದವು.

ಬ್ರಿಟಿಷ್ ಪ್ರಜೆಯಾಗಿರದ ಕಾರಣ ಬ್ರಿಟಿಷ್ ಮಹಿಳಾ ಚಾಂಪಿಯನ್‌ಷಿಪ್ ವೆರಾಳಿಗೆ ಮುಚ್ಚಿದ ಬಾಗಿಲಾಗಿತ್ತು. ಆದರೆ 1925ರಲ್ಲಿ ಬ್ರಿಟನ್ನಿನ ಅಗ್ರ ಆಟಗಾರ್ತಿ ಎಡಿತ್ ಪ್ರೈಸ್ ಅವರೊಡನೆ ನಡೆದ ಎರಡು ಪಂದ್ಯಸರಣಿಗಳನ್ನೂ ಆಕೆ ಗೆದ್ದಳು. 1927ರಲ್ಲಿ ಲಂಡನ್ನಿನಲ್ಲಿ ಮೊದಲ ಒಲಿಂಪಿಯಾಡ್‌ನ ಜೊತೆಯಲ್ಲೇ ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಹನ್ನೆರಡು ಸ್ಪರ್ಧಿಗಳು, ಪ್ರತಿಯೊಬ್ಬರಿಗೂ ಹನ್ನೊಂದು ಆಟಗಳು. ಗೆದ್ದರೆ ಒಂದು ಅಂಕ, ಸಮವಾದರೆ ಅರ್ಧ. ಇಪ್ಪತ್ತೊಂದು ವರ್ಷದ ಮೆಂಚಿಕ್ ಹತ್ತು ಆಟಗಳನ್ನು ಗೆದ್ದು, ಒಂದನ್ನು ಸಮ ಮಾಡಿಕೊಂಡು ಜಗತ್ತಿನ ಮೊದಲ ಮಹಿಳಾ ಚಾಂಪಿಯನ್ ಆದಳು.

ಆ ಪದವಿ ಆಕೆ ಸಾಯುವವರೆಗೆ ಇನ್ನೊಬ್ಬರಿಗೆ ಹೋಗಲಿಲ್ಲ. ಹ್ಯಾಂಬರ್ಗ್, ಪ್ರಾಗ್, ಫೋಕ್‌ಸ್ಟನ್, ವಾರ್ಸಾ, ಸ್ಟಾಕ್‌ಹೋಮ್, ಬ್ಯೂನಸ್ ಐರಿಸ್ ಹೀಗೆ 1930ರಿಂದ 1939ರವರೆಗೆ ಮತ್ತೆ ಆರು ಬಾರಿ ಆಕೆ ಗೆದ್ದಳು. ಏಳು ಚಾಂಪಿಯನ್‌ಷಿಪ್‌ಗಳಲ್ಲಿ ಆಡಿದ ಒಟ್ಟು 83 ಆಟಗಳಲ್ಲಿ ಗೆಲುವು 78, ಸಮ 4, ಸೋಲು ಒಂದೇ ಒಂದು. ಅದು 1930ರ ಹ್ಯಾಂಬರ್ಗಿನಲ್ಲಿ. ಪ್ರಾಗ್, ಫೋಕ್‌ಸ್ಟನ್, ವಾರ್ಸಾ, ಸ್ಟಾಕ್‌ಹೋಮ್ ನಾಲ್ಕರಲ್ಲೂ ಆಡಿದ ಆಟಗಳನ್ನೆಲ್ಲ ಗೆದ್ದಳು. ಈ ಏಳು ಸ್ಪರ್ಧೆಗಳಲ್ಲಿ ಆಕೆಯ ಹೆಸರಿನ ಮುಂದೆ ಮೂರು ದೇಶಗಳ ಹೆಸರುಗಳು ಕಾಣುತ್ತವೆ. ಮೊದಲು ರಷ್ಯ, ಬಳಿಕ ಚೆಕೊಸ್ಲೊವಾಕಿಯಾ, ಕೊನೆಗೆ ಇಂಗ್ಲೆಂಡ್.

ಇನ್ನು ಆ ವಿನೋದದ ಪ್ರಸಂಗ. 1929ರ ಬೇಸಿಗೆಯಲ್ಲಿ ಚೆಕೊಸ್ಲೊವಾಕಿಯಾದ ಕಾರ್ಲ್ಸ್‌ಬಾಡ್ ಎಂಬ ಆರೋಗ್ಯಧಾಮದಲ್ಲಿ ಒಂದು ಮಹಾಸ್ಪರ್ಧೆ ಏರ್ಪಟ್ಟಿತು. ಇಪ್ಪತ್ತೆರಡು ಆಟಗಾರರು. ಕಾಪಾಬ್ಲಾಂಕಾ, ನಿಮ್ಜೊವಿಚ್, ರೂಬಿನ್‌ಸ್ಟೈನ್, ಯೂವೆ ಮೊದಲಾದ ಆ ಕಾಲದ ಘಟಾನುಘಟಿಗಳು. ಅವರ ನಡುವೆ ಒಬ್ಬಳೇ ಹೆಣ್ಣು, ಮೆಂಚಿಕ್. ವಿಯೆನ್ನಾದ ಆಲ್ಬರ್ಟ್ ಬೆಕರ್‌ಗೆ ಇದು ಸರಿಕಾಣಲಿಲ್ಲ. ಈಕೆಗೆ ಸೋತವರನ್ನೆಲ್ಲ ‘ವೆರಾ ಮೆಂಚಿಕ್ ಕ್ಲಬ್ಬಿ’ಗೆ ಸೇರಿಸಬೇಕು ಎಂದು ಆತ ಗೆಳೆಯರ ಮುಂದೆ ನಗೆಯಾಡಿದ. ಮೂರನೆಯ ಸುತ್ತಿನಲ್ಲಿ ಮೆಂಚಿಕ್‌ಗೆ ಸೋತು ಆ ಕ್ಲಬ್ಬಿನ ಮೊದಲ ಸದಸ್ಯನಾದವನು ಬೆಕರ್ ತಾನೇ.

ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಕೇಳಿದವರಿಗೆ ನ್ಯಾಯ ದೊರೆತ ತೃಪ್ತಿಯಾಗುತ್ತದೆ. ಆದರೆ ಸ್ಪರ್ಧೆಯ ಕೊನೆಯ ಪಟ್ಟಿಯನ್ನು ನೋಡಿದರೆ ಮೆಂಚಿಕ್ ಇರುವುದು ಕಟ್ಟಕಡೆಯ ಸ್ಥಾನದಲ್ಲಿ. ಇಪ್ಪತ್ತೊಂದು ಆಟಗಳಿಂದ ಬಂದದ್ದು ಮೂರು ಅಂಕ. ಬೆಕರ್ ಮತ್ತು ಸೇಮಿಶ್ ಎಂಬ ಇಬ್ಬರ ಮೇಲೆ ಗೆಲುವು, ಎರಡು ಆಟಗಳು ಸಮ, ಉಳಿದ ಹದಿನೇಳೂ ಸೋಲು. ಹಾಗಾದರೆ ಆಕೆಯನ್ನು ಕರೆದದ್ದು ತಪ್ಪಾಗಿತ್ತೇ?

ಅದೇ ವರ್ಷ ಕೆಲವು ತಿಂಗಳ ಹಿಂದೆ ಇಂಗ್ಲೆಂಡಿನ ರಾಮ್ಸ್‌ಗೇಟ್‌ನಲ್ಲಿ ನಡೆದದ್ದನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಐದೂವರೆ ಅಂಕ ಗಳಿಸಿ ಮೊದಲಿಗನಾದ. ಮೆಂಚಿಕ್ ಮತ್ತು ರೂಬಿನ್‌ಸ್ಟೈನ್ ಐದೈದು ಅಂಕಗಳೊಡನೆ ಎರಡನೆಯ ಸ್ಥಾನ ಹಂಚಿಕೊಂಡರು. ಗುರು ಮರೋತ್ಸಿ ಶಿಷ್ಯೆಗಿಂತ ಕೆಳಗೆ ಉಳಿದರು. ಅಭಿಮಾನಿಗಳು ಇದನ್ನು ಬಹುವಾಗಿ ಎತ್ತಿಹೇಳುತ್ತಾರೆ, ಆದರೆ ಇಲ್ಲಿಯೂ ಒಂದು ಸೂಕ್ಷ್ಮವಿದೆ. ಆ ಸ್ಪರ್ಧೆಯಲ್ಲಿ ಏಳು ಜನ ವಿದೇಶೀಯರು ಏಳು ಜನ ಆಂಗ್ಲರೊಡನೆ ಮಾತ್ರ ಆಡಿದರು. ಮೆಂಚಿಕ್ ವಿದೇಶೀಯರ ಗುಂಪಿನಲ್ಲಿದ್ದುದರಿಂದ ಕಾಪಾಬ್ಲಾಂಕಾ, ರೂಬಿನ್‌ಸ್ಟೈನ್ ಆಕೆಗೆ ಎದುರಾಗಲೇ ಇಲ್ಲ. ಇಂಗ್ಲೆಂಡಿನ ಉತ್ತಮ ಆಟಗಾರರ ಎದುರು ಆಕೆ ಪಡೆದ ಫಲಿತಾಂಶವು ಆ ಮಹಾರಥರ ಫಲಿತಾಂಶಕ್ಕೆ ಸರಿಸಮವಾಗಿತ್ತು ಎಂಬಷ್ಟನ್ನು ಮಾತ್ರ ಖಚಿತವಾಗಿ ಹೇಳಬಹುದು. ಅಷ್ಟೂ ಕಡಿಮೆಯೇನಲ್ಲ.

ಮುಂದಿನ ವರ್ಷಗಳ ದಾಖಲೆಯೂ ಹೀಗೆಯೇ ಏರಿಳಿತದ್ದು. ಹೇಸ್ಟಿಂಗ್ಸ್‌ನಲ್ಲಿ ಸತತ ಎರಡು ವರ್ಷ ಆಕೆ ಮ್ಯಾಕ್ಸ್ ಯೂವೆಯನ್ನು ಸೋಲಿಸಿದಳು. ಈ ಯೂವೆ 1935ರಲ್ಲಿ ಅಲೆಖಿನ್‌ನನ್ನು ಮಣಿಸಿ ವಿಶ್ವ ಚಾಂಪಿಯನ್ ಆದವನು. ಪಂಜಾಬಿನಿಂದ ಸರ್ ಉಮರ್ ಹಯಾತ್ ಖಾನ್ ಅವರೊಡನೆ ಇಂಗ್ಲೆಂಡಿಗೆ ಹೋಗಿ ಮೂರು ಬಾರಿ ಬ್ರಿಟಿಷ್ ಚಾಂಪಿಯನ್ ಆದ ಸುಲ್ತಾನ್ ಖಾನ್ ಕೂಡ ಆಕೆಗೆ ಸೋತವರಲ್ಲಿ ಒಬ್ಬ. ಅಮೆರಿಕದ ರೆಶೆವ್‌ಸ್ಕಿ, ಇಂಗ್ಲೆಂಡಿನ ಸರ್ ಜಾರ್ಜ್ ಥಾಮಸ್, ಅಲೆಗ್ಸಾಂಡರ್ ಹೀಗೆ ‘ಕ್ಲಬ್ಬು’ ಬೆಳೆಯಿತು. 1934ರಲ್ಲಿ ಮಾರಿಬೋರ್‌ನಲ್ಲಿ ಆಕೆ ಮೂರನೆಯ ಸ್ಥಾನ ಪಡೆದು, ಸ್ಪೀಲ್‌ಮನ್‌ನಂಥ ಆಟಗಾರನನ್ನು ಹಿಂದಿಕ್ಕಿದಳು. ಮರುವರ್ಷವೇ ಹುಟ್ಟೂರಾದ ಮಾಸ್ಕೋದ ಮಹಾಸ್ಪರ್ಧೆಯಲ್ಲಿ ಒಂದು ಆಟವನ್ನೂ ಗೆಲ್ಲಲಾಗದೆ ಕೊನೆಯವಳಾದಳು. ಕಾಪಾಬ್ಲಾಂಕಾ ಮತ್ತು ಅಲೆಖಿನ್ ಎದುರು ಆಕೆಗೆ ಬಾಳಿನುದ್ದಕ್ಕೂ ಗೆಲುವು ದೊರೆಯಲಿಲ್ಲ.

ಇವೆಲ್ಲವನ್ನೂ ಒಟ್ಟಿಗೆ ಇಟ್ಟಾಗ ಕಾಣುವುದು ಒಬ್ಬ ಬಲಿಷ್ಠ ವೃತ್ತಿಪರ ಆಟಗಾರ್ತಿ. ಜಗತ್ತಿನ ತುತ್ತತುದಿಯ ಹತ್ತು ಜನರಲ್ಲಿ ಒಬ್ಬಳಲ್ಲ, ಆದರೆ ಅವರಲ್ಲಿ ಹಲವರನ್ನು ತಕ್ಕ ದಿನ ಸೋಲಿಸಬಲ್ಲವಳು. ಇಂಥ ಪುರುಷ ಆಟಗಾರರು ಅಂದು ಯೂರೋಪಿನಲ್ಲಿ ಹಲವರಿದ್ದರು. ಅವರು ಕೊನೆಯ ಸ್ಥಾನಕ್ಕೆ ಇಳಿದಾಗ ಅದು ಅವರೊಬ್ಬರ ಸೋಲಾಗುತ್ತಿತ್ತು. ಮೆಂಚಿಕ್ ಸೋತರೆ ಹೆಣ್ಣಿನ ಬುದ್ಧಿಗೆ ಮಿತಿಯಿದೆ ಎಂಬುದಕ್ಕೆ ಸಾಕ್ಷಿ, ಗೆದ್ದರೆ ಸೋತವನಿಗೆ ನಗೆಪಾಟಲು. ಸೂಕ್ಷ್ಮವಾಗಿ ನೋಡಿದರೆ ಆ ‘ಕ್ಲಬ್ಬಿ’ನ ವಿನೋದವು ಆಕೆಯ ಗೆಲುವನ್ನು ಕೊಂಡಾಡುವುದಿಲ್ಲ, ಸೋತ ಗಂಡಸಿನ ಮುಜುಗರವನ್ನು ಹೇಳುತ್ತದೆ. ಆಗಿನ ವಿಶ್ವ ಚಾಂಪಿಯನ್ ಅಲೆಖಿನ್ ಮಾತ್ರ ಕಾರ್ಲ್ಸ್‌ಬಾಡ್‌ನಿಂದ ಪತ್ರಿಕೆಗೆ ಬರೆಯುತ್ತ, ಈಕೆಯ ಪ್ರತಿಭೆ ಅಪವಾದದ್ದು, ಇನ್ನಷ್ಟು ಶಿಕ್ಷಣ ಮತ್ತು ಅನುಭವ ದೊರೆತರೆ ಉನ್ನತ ಮಟ್ಟಕ್ಕೆ ಏರಬಲ್ಲಳು ಎಂಬ ಅಭಿಪ್ರಾಯವನ್ನು ಕೊಟ್ಟ. ‘ಅಪವಾದ’ ಎಂಬ ಮಾತಿನಲ್ಲಿಯೂ ಒಂದು ಕೊಂಕಿದೆಯೆಂದು ಹೇಳಬಹುದು. ಆದರೂ ಆತ ನೋಡಿದ್ದು ಆಟವನ್ನು.

ಜೀವನೋಪಾಯವೂ ಚದುರಂಗದಿಂದಲೇ ಆಗಬೇಕಿತ್ತು. ಆಕೆ ಪಾಠ ಹೇಳಿದಳು, ಉಪನ್ಯಾಸ ಕೊಟ್ಟಳು, ಏಕಕಾಲಕ್ಕೆ ಹಲವರೊಡನೆ ಆಡಿ ತೋರಿಸುವ ಪ್ರದರ್ಶನಗಳನ್ನು ನಡೆಸಿದಳು. 1937ರಲ್ಲಿ ಬ್ರಿಟಿಷ್ ಚೆಸ್ ಸಂಘಟನೆಯಲ್ಲಿ ಮುಖ್ಯರಾಗಿದ್ದ, ವಯಸ್ಸಿನಲ್ಲಿ ಬಹಳ ಹಿರಿಯರಾದ ಸ್ಟೀವನ್‌ಸನ್ ಅವರನ್ನು ಮದುವೆಯಾದಳು. ಬ್ರಿಟಿಷ್ ಪೌರತ್ವ ದೊರೆತದ್ದು ಆ ಮೂಲಕ. ಅದೇ ವರ್ಷ ಜರ್ಮನಿಯ ಸೋನ್ಯಾ ಗ್ರಾಫ್ ಜೊತೆಗಿನ ಹದಿನಾರು ಆಟಗಳ ಪಂದ್ಯವನ್ನು ಹನ್ನೊಂದೂವರೆಗೆ ನಾಲ್ಕೂವರೆ ಅಂಕಗಳಿಂದ ಗೆದ್ದಳು. ಗ್ರಾಫ್ ಆಕೆಗೆ ನಿಜವಾದ ಪ್ರತಿಸ್ಪರ್ಧಿಯಾಗಿದ್ದ ಒಬ್ಬಳೇ ಸಮಕಾಲೀನೆ. 1939ರ ಬ್ಯೂನಸ್ ಐರಿಸ್‌ನಲ್ಲಿ ಗೆಲ್ಲುವ ಸ್ಥಿತಿಯನ್ನು ಕೈಚೆಲ್ಲಿ ಮೆಂಚಿಕ್‌ಗೆ ಸೋತಳು. ಆ ಸ್ಪರ್ಧೆ ನಡೆಯುತ್ತಿರುವಾಗಲೇ ಎರಡನೆಯ ಮಹಾಯುದ್ಧ ಆರಂಭವಾಯಿತು. ಗ್ರಾಫ್ ಸೇರಿದಂತೆ ಯೂರೋಪಿನ ಅನೇಕರು ಅರ್ಜೆಂಟೀನಾದಲ್ಲಿಯೇ ಉಳಿದರು. ಮೆಂಚಿಕ್ ಇಂಗ್ಲೆಂಡಿಗೆ ಮರಳಿದಳು.

ಮರಳಿದ ಮೇಲೆ ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯಲ್ಲಿ ತೆರೆದ ರಾಷ್ಟ್ರೀಯ ಚೆಸ್ ಕೇಂದ್ರದ ಮೇಲ್ವಿಚಾರಣೆ ಆಕೆಯದಾಯಿತು. 1940ರ ಬಾಂಬುದಾಳಿಯಲ್ಲಿ ಆ ಕೇಂದ್ರ ನಾಶವಾಯಿತು. 1942ರಲ್ಲಿ ನಾತ್ಸಿ ಜರ್ಮನಿಯಿಂದ ಓಡಿಬಂದಿದ್ದ ವಯೋವೃದ್ಧ ಆಟಗಾರ ಜಾಕ್ ಮೀಸಸ್ ಅವರೊಡನೆ ಆಡಿದ ಪಂದ್ಯವನ್ನು ಗೆದ್ದಳು. 1943ರಲ್ಲಿ ಪತಿ ತೀರಿಕೊಂಡರು. 1944ರ ಜೂನ್ ಕೊನೆಯ ವಾರದಲ್ಲಿ ಜರ್ಮನಿಯ ವಿ-1 ಎಂಬ ಹಾರುಬಾಂಬೊಂದು ದಕ್ಷಿಣ ಲಂಡನ್ನಿನ ಕ್ಲಾಪ್‌ಹ್ಯಾಮ್‌ನಲ್ಲಿದ್ದ ಅವರ ಮನೆಯ ಮೇಲೆ ಬಿದ್ದಿತು. ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಮನೆಯ ನೆಲಮಾಳಿಗೆಯಲ್ಲಿ ಆಶ್ರಯ ಪಡೆದಿದ್ದರು. ಮೂವರೂ ಸತ್ತರು. ವೆರಾಳ ವಯಸ್ಸು ಮೂವತ್ತೆಂಟು. ಆಕೆ ಗಳಿಸಿದ ಪಾರಿತೋಷಕಗಳೂ ಆಟಗಳ ದಾಖಲೆಗಳೂ ಆ ಮನೆಯೊಡನೆ ಹೋದವು. ತೆರವಾದ ಪದವಿಗೆ ಮತ್ತೊಬ್ಬಳು ಬಂದದ್ದು 1950ರಲ್ಲಿ, ಸೋವಿಯತ್ ಒಕ್ಕೂಟದ ಲ್ಯುದ್ಮಿಲಾ ರುದೆಂಕೊ.

ಈ ಕಥೆಯ ಒಂದು ಎಳೆ ನಮ್ಮ ನೆಲಕ್ಕೂ ಬರುತ್ತದೆ. ಭಾರತದ ಮೊದಲ ರಾಷ್ಟ್ರೀಯ ಮಹಿಳಾ ಚೆಸ್ ಚಾಂಪಿಯನ್‌ಷಿಪ್ ನಡೆದದ್ದು 1974ರಲ್ಲಿ, ಬೆಂಗಳೂರಿನಲ್ಲಿ. ಗೆದ್ದವರು ಮುಂಬಯಿಯ ವಾಸಂತಿ ಖಾಡಿಲ್ಕರ್. ‘ಕೀಚಕವಧ’ ನಾಟಕದ ಕರ್ತೃ, ಸಾಂಗಲಿಯ ಕೃಷ್ಣಾಜಿ ಪ್ರಭಾಕರ ಖಾಡಿಲ್ಕರ್ ಅವರ ವಂಶದ ಮೂವರು ಅಕ್ಕತಂಗಿಯರಲ್ಲಿ ಅವರೊಬ್ಬರು. ಜಯಶ್ರೀ ಮತ್ತು ರೋಹಿಣಿ ಉಳಿದಿಬ್ಬರು. ಮುಂದೆ ಸುಮಾರು ಹತ್ತು ವರ್ಷ ಆ ಪ್ರಶಸ್ತಿ ಈ ಮನೆಯನ್ನು ಬಿಟ್ಟು ಹೋಗಲಿಲ್ಲ. ಮೂವರಲ್ಲಿ ಕಿರಿಯಳಾದ ರೋಹಿಣಿ 1976ರಲ್ಲಿ, ಹದಿಮೂರರ ವಯಸ್ಸಿನಲ್ಲಿ, ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಆಡಲು ಕುಳಿತಾಗ ಆಕ್ಷೇಪಗಳು ಎದ್ದವು. ವಿವಾದವು ಹೈಕೋರ್ಟಿನವರೆಗೂ ಹೋಯಿತು. ಹೆಣ್ಣು ಎಂಬ ಕಾರಣಕ್ಕೆ ಯಾರನ್ನೂ ರಾಷ್ಟ್ರೀಯ, ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಿಂದ ಹೊರಗಿಡುವಂತಿಲ್ಲ ಎಂದು ವಿಶ್ವ ಚೆಸ್ ಸಂಸ್ಥೆಯ ಅಧ್ಯಕ್ಷರು ನಿರ್ಣಯ ಕೊಟ್ಟರು. ಆಗ ಆ ಸ್ಥಾನದಲ್ಲಿದ್ದವರು ಹೇಸ್ಟಿಂಗ್ಸ್‌ನಲ್ಲಿ ಎರಡು ಬಾರಿ ಮೆಂಚಿಕ್‌ಗೆ ಸೋತಿದ್ದ ಮ್ಯಾಕ್ಸ್ ಯೂವೆ.