ಈಸಾ(ಅ)ರ ಆರೋಹಣ: ಕ್ರೈಸ್ತರು ನಂಬುವುದೇನು?



ಈಸ್ಟರ್ ಬಂದಾಗ ಮಕ್ಕಳು ಕೇಳುವುದುಂಟು: “ಅಬ್ಬಾ, ಈಸಾ ನಬಿ ತೀರಿಕೊಂಡು ಮತ್ತೆ ಎದ್ದರಾ?” ಉತ್ತರಿಸುವ ಮೊದಲು ನೆರೆಯವರ ನಂಬಿಕೆಯನ್ನು ಸರಿಯಾಗಿ ತಿಳಿಯೋಣ.

ಯೇಸು ಶುಕ್ರವಾರ ಶಿಲುಬೆಯ ಮೇಲೆ ಪ್ರಾಣಬಿಟ್ಟರು, ಮೂರನೆಯ ದಿನ ಜೀವಂತವಾಗಿ ಎದ್ದರು, 40 ದಿನ ಶಿಷ್ಯರಿಗೆ ಕಾಣಿಸಿಕೊಂಡು ಜೆರುಸಲೇಮಿನ ಆಲಿವ್ ಬೆಟ್ಟದಿಂದ ಸ್ವರ್ಗಕ್ಕೇರಿದರು ಎಂಬುದು ಕ್ರೈಸ್ತರ ವಿಶ್ವಾಸ. ಆ ಮರಣ ಮನುಷ್ಯರ ಪಾಪಕ್ಕೆ ಪರಿಹಾರ, ಪುನರುತ್ಥಾನವು ಸಾವಿನ ಮೇಲಿನ ಜಯ ಎನ್ನುತ್ತಾರೆ ಅವರು.

ಈಸಾ(ಅ)ರನ್ನು ಕೊಲ್ಲಲೂ ಇಲ್ಲ, ಶಿಲುಬೆಗೇರಿಸಲೂ ಇಲ್ಲ, ಅಲ್ಲಾಹನು ಅವರನ್ನು ತನ್ನೆಡೆಗೆ ಎತ್ತಿಕೊಂಡನು ಎಂದು ಕುರ್‌ಆನ್ (4:157-158) ತಿಳಿಸುತ್ತದೆ. ಒಬ್ಬರ ಪಾಪವನ್ನು ಇನ್ನೊಬ್ಬರು ಹೊರುವುದಿಲ್ಲ ಎಂಬುದೂ ನಮ್ಮ ವಿಶ್ವಾಸ. ಶಿಲುಬೆಯ ವಿಷಯದಲ್ಲಿ ಭೇದವಿದೆ. ಅವರು ಎತ್ತಲ್ಪಟ್ಟರು, ಮರಳಿ ಬರುವರು ಎಂಬುದರಲ್ಲಿ ಸಾಮ್ಯವಿದೆ.

1187ರಲ್ಲಿ ಸಲಾಹುದ್ದೀನ್ ಅಯ್ಯೂಬಿ ಜೆರುಸಲೇಮನ್ನು ಗೆದ್ದ ಬಳಿಕ ಆ ಬೆಟ್ಟದ ಆರೋಹಣ ಮಂದಿರ ಮುಸ್ಲಿಮರ ಕೈಗೆ ಬಂದು ಮಸೀದಿಯಾಯಿತು. ಆದರೂ ಆರೋಹಣದ ಹಬ್ಬದಂದು ಕ್ರೈಸ್ತರು ಇಂದಿಗೂ ಅಲ್ಲಿ ಪ್ರಾರ್ಥಿಸುತ್ತಾರೆ.

ನಮ್ಮ ಮಕ್ಕಳಿಗೂ ಇದನ್ನೇ ಕಲಿಸೋಣ: ಈಮಾನ್ ಗಟ್ಟಿಯಾಗಿರಲಿ, ನಾಲಿಗೆ ಮೃದುವಾಗಿರಲಿ. ನೆರೆಯವರ ನಂಬಿಕೆಯನ್ನು ಗೇಲಿ ಮಾಡುವುದು ದಅ್‌ವಾ ಅಲ್ಲ. ಅಲ್ಲಾಹನು ಅನುಗ್ರಹಿಸಲಿ, ಆಮೀನ್.