ಕಲೆ ತೆಗೆಯುವ ಪುಡಿಗೊಂದು ಪರೀಕ್ಷೆ

ಕೊಳೆ ಬೇರೆ, ಕಲೆ ಬೇರೆ. ಬೆವರು, ಧೂಳು, ಜಿಡ್ಡು ಬಟ್ಟೆಯ ಮೇಲೆ ಕುಳಿತರೆ ಕೊಳೆ. ಬಣ್ಣವು ನೂಲಿನೊಳಕ್ಕೆ ಹೊಕ್ಕು ನಿಂತರೆ ಕಲೆ. ಕೊಳೆಯನ್ನು ಕಳೆಯುವ ಪುಡಿ ಕಲೆಯನ್ನೂ ಕಳೆದೀತೆಂದು ನಂಬುವಂತಿಲ್ಲ. ಅಂಗಡಿಯ ಸಾಲು ಪೊಟ್ಟಣಗಳಲ್ಲಿ ನಮ್ಮ ಬಟ್ಟೆಗೂ ನಮ್ಮೂರ ನೀರಿಗೂ ಒದಗುವುದು ಯಾವುದೆಂದು ಜಾಹೀರಾತು ಹೇಳಲಾರದು. ಅದನ್ನು ನಾವೇ ಪರೀಕ್ಷಿಸಿ ತಿಳಿಯಬೇಕು.

ಭಾರತ ಹುಣ್ಣಿಮೆಯ ವೇಳೆಗೆ ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಗೆ ಹೋಗಿ ಬಂದವರ ಪಂಚೆಗೆ ಭಂಡಾರದ ಹಳದಿ ಅಂಟಿರುತ್ತದೆ. ಒಮ್ಮೆ ನಮ್ಮ ಮನೆಯಲ್ಲಿ ಅಂಥ ಪಂಚೆಯನ್ನು ಪುಡಿ ಕಲಸಿದ ನೀರಿಗೆ ಹಾಕಿದೊಡನೆ ಹಳದಿಯೆಲ್ಲ ಕೆಂಪಾಯಿತು. ಪುಡಿಯೇ ಕೆಟ್ಟದ್ದೆಂದು ಬಿಸುಟು ಬೇರೊಂದನ್ನು ತಂದೆವು; ಅದರಲ್ಲಿಯೂ ಅದೇ ಕೆಂಪು! ತಪ್ಪು ಪುಡಿಯದಾಗಿರಲಿಲ್ಲ. ಅರಿಸಿನದ ಬಣ್ಣಕ್ಕೆ ಕ್ಷಾರ ತಗುಲಿದರೆ ಅದು ಕೆಂಪಾಗುತ್ತದೆ, ನಿಂಬೆಯ ಹುಳಿ ಬಿದ್ದರೆ ಮತ್ತೆ ಹಳದಿಯಾಗುತ್ತದೆ. ಅರಿಸಿನಕ್ಕೆ ಸುಣ್ಣ ಸೇರಿ ಓಕುಳಿಯಾಗುವುದೂ ಹೀಗೆಯೇ. ಎರಡು ಪೊಟ್ಟಣದ ಹಣ ಹೋಯಿತು; ಪರೀಕ್ಷೆಗೆ ಕ್ರಮ ಬೇಕೆಂಬ ಪಾಠ ಉಳಿಯಿತು.

ಆ ಕ್ರಮ ಹೀಗೆ. ಒಂದೇ ಹಳೆಯ ಬಿಳಿ ಪಂಚೆಯಿಂದ ಗೇಣುದ್ದದ ನಾಲ್ಕು ತುಂಡುಗಳನ್ನು ಕತ್ತರಿಸಿಕೊಳ್ಳಿ. ಪ್ರತಿಯೊಂದರ ಮೇಲೂ ಅರಿಸಿನದ ಸಾರು, ಚಹಾ, ಶೇಂಗಾ ಎಣ್ಣೆ, ಕೆಮ್ಮಣ್ಣಿನ ಕೆಸರು ಇವುಗಳನ್ನು ಬೇರೆ ಬೇರೆ ಕಡೆ ಸಮನಾಗಿ ಹಾಕಿ, ಒಂದು ರಾತ್ರಿ ಒಣಗಲು ಬಿಡಿ. ಮೂಲೆಯಲ್ಲಿ ಒಂದರಿಂದ ನಾಲ್ಕು ಹೊಲಿಗೆ ಹಾಕಿದರೆ ಗುರುತು ಉಳಿಯುತ್ತದೆ. ಮೊದಲನೆಯ ತುಂಡಿಗೆ ಬರಿಯ ನೀರು, ಎರಡನೆಯದಕ್ಕೆ ತುರಿದ ಬಾರ್ ಸೋಪು, ಉಳಿದೆರಡಕ್ಕೆ ಎರಡು ಬಗೆಯ ಪುಡಿ. ಬರಿಯ ನೀರೇಕೆಂದರೆ, ನೀರೇ ತೆಗೆದ ಕಲೆಯ ಕೀರ್ತಿ ಪುಡಿಗೆ ಸಲ್ಲಬಾರದು. ಎಲ್ಲಕ್ಕೂ 2 ಲೀಟರು ನೀರು, ಸೋಪಾಗಲಿ ಪುಡಿಯಾಗಲಿ 10 ಗ್ರಾಂ, 30 ನಿಮಿಷ ನೆನೆ, 20 ಸಲ ಉಜ್ಜು, ಎರಡು ಸಲ ಜಾಲಿಸುವುದು. ಚಮಚೆಯಿಂದ ಅಳೆಯದೆ ತೂಗಿಯೇ ಹಾಕಿ. ಒಂದು ಪುಡಿ ಹಗುರ, ಇನ್ನೊಂದು ಭಾರವಿರುತ್ತದೆ.

ಒಣಗಿಸುವುದು ನೆರಳಿನಲ್ಲಿ. ಬಿಸಿಲು ಅರಿಸಿನದ ಬಣ್ಣವನ್ನು ತಾನೇ ಕಳೆಯುತ್ತದೆ. ಹಾಗಾದರೆ ಸೂರ್ಯನ ಕೆಲಸ ಪುಡಿಯ ಲೆಕ್ಕಕ್ಕೆ ಸೇರೀತು. ಬಳಿಕ ಗುರುತು ತಿಳಿಯದವರೊಬ್ಬರಿಗೆ ತುಂಡುಗಳನ್ನು ಕೊಟ್ಟು, ಯಾವುದು ಹೆಚ್ಚು ಶುದ್ಧವೆಂದು ಕೇಳಿ. ಬಟ್ಟೆಯ ಹೊಳಪಿಗೆ ಮರುಳಾಗದೆ ಕಲೆಯನ್ನೇ ನೋಡುವಂತೆ ಹೇಳಿ. ಅನೇಕ ಪುಡಿಗಳಲ್ಲಿರುವ ಹೊಳಪುಕಾರಕವು ಕಣ್ಣಿಗೆ ಕಾಣದ ಕಿರಣವನ್ನು ಹೀರಿ ನೀಲಿ ಬೆಳಕನ್ನು ಸೂಸುತ್ತದೆ. ಅದರಿಂದ ಬಟ್ಟೆ ಬೆಳ್ಳಗೆ ಕಂಡರೂ ಕಲೆ ಹೋಗಿರುವುದಿಲ್ಲ.

ಇನ್ನು ನೀರಿನ ಮಾತು. ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತದೆ. ಹೊಳೆಗೆ ದೂರವಾದ ಕೂಡ್ಲಿಗಿ, ಕೊಟ್ಟೂರುಗಳ ಕಡೆ ಕೊಳವೆಬಾವಿ ಅನೇಕರಿಗೆ ಆಸರೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನೊಡನೆ ಕೂಡಿ ಕರಗದ ಗಸಿಯಾಗುತ್ತವೆ. ನೊರೆ ಏಳುವ ಮೊದಲೇ ಸೋಪು ಸವೆಯುತ್ತದೆ, ಗಸಿ ಬಟ್ಟೆಗೆ ಅಂಟಿ ಮಂಕು ಕವಿಯುತ್ತದೆ. 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಬಂದ ಮೇಲೆ ಮನೆಮಾತಾದ ಪುಡಿಗಳಿಗೆ ಈ ತೊಂದರೆ ಕಡಿಮೆ. ಆದರೂ ಗಡಸು ಹೆಚ್ಚಿದಂತೆ ಅವುಗಳ ಬಲವೂ ಕುಗ್ಗುತ್ತದೆ. ಆದುದರಿಂದ ಇದೇ ಪರೀಕ್ಷೆಯನ್ನು ಹಿಡಿದಿಟ್ಟ ಮಳೆನೀರಿನಲ್ಲಿ ಇನ್ನೊಮ್ಮೆ ಮಾಡಿ ನೋಡಿ. ಎರಡರಲ್ಲಿ ಬಹಳ ಅಂತರ ಕಂಡರೆ ದೋಷ ಪೊಟ್ಟಣದಲ್ಲಲ್ಲ, ಕೊಡದಲ್ಲಿದೆ.

ಪ್ರತಿಯೊಂದು ಕಲೆಗೂ ಅದರದೇ ಸ್ವಭಾವವುಂಟು. ಕೆಮ್ಮಣ್ಣು ಒಣಗಿದ ಮೇಲೆ ಕೊಡವಿ ಅನಂತರ ಒಗೆಯಿರಿ. ರಕ್ತದ ಕಲೆಗೆ ತಣ್ಣೀರೇ ಸರಿ. ಬಿಸಿನೀರು ಅದನ್ನು ಗಟ್ಟಿಮಾಡುತ್ತದೆ. ಎಂಜೈಮು ಸೇರಿದ ಪುಡಿ ರಕ್ತ, ಹಾಲು, ಗಂಜಿಯ ಕಲೆಗೆ ಒದಗೀತು, ಮಣ್ಣಿನ ಬಣ್ಣಕ್ಕಲ್ಲ. ಅರಿಸಿನಕ್ಕೆ ಒಗೆತದ ಬಳಿಕ ಬಿಸಿಲೇ ಮದ್ದು.

ಒಂದು ಹಳೆಯ ಪಂಚೆ, ಒಂದು ದಿನದ ತಾಳ್ಮೆ ಇವಿಷ್ಟೇ ಖರ್ಚು. ಮುಂದಿನ ಬಾರಿ ಅಂಗಡಿಯವನು ಹೆಚ್ಚು ಬೆಲೆಯ ಪೊಟ್ಟಣವನ್ನು ಮುಂದಿಟ್ಟಾಗ, ಆ ನಾಲ್ಕು ತುಂಡುಗಳನ್ನು ನೆನೆದು ಉತ್ತರ ಹೇಳಿ.